ಉಳಿಯುತ್ತೇನೆ ಎಂದವರನ್ನು ಕಳುಹಿಸಿದ ಊರು: ಹ್ಯಾಲಿಬರ್ಟನ್–ಸಬೋನಿಸ್ ಟ್ರೇಡ್, ಒಂದು ಪ್ರಕರಣ ಅಧ್ಯಯನ

2022ರ ಫೆಬ್ರುವರಿ 8ರಂದು ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಸ್ಯಾಕ್ರಮೆಂಟೊ ಕಿಂಗ್ಸ್ ತಂಡ ತನ್ನ 21 ವರ್ಷದ ಪಾಯಿಂಟ್ ಗಾರ್ಡ್ (ಚೆಂಡು ಹಿಡಿದು ಆಟ ನಡೆಸುವ ಆಟಗಾರ) ಟೈರೀಸ್ ಹ್ಯಾಲಿಬರ್ಟನ್ ಅವರನ್ನು ಇಂಡಿಯಾನಾ ಪೇಸರ್ಸ್ ತಂಡಕ್ಕೆ ಬಿಟ್ಟುಕೊಟ್ಟಿತು. ಅವರ ಜೊತೆ ಬಡ್ಡಿ ಹೀಲ್ಡ್ ಮತ್ತು ಟ್ರಿಸ್ಟನ್ ಥಾಂಪ್ಸನ್ ಕೂಡ ಹೋದರು. ಅತ್ತಲಿಂದ ಡೊಮಾಂಟಾಸ್ ಸಬೋನಿಸ್, ಜಸ್ಟಿನ್ ಹಾಲಿಡೇ, ಜೆರೆಮಿ ಲ್ಯಾಂಬ್ ಬಂದರು. ಅದರ ಮೇಲೊಂದು ಎರಡನೇ ಸುತ್ತಿನ ಡ್ರಾಫ್ಟ್ ಹಕ್ಕು, ಅಂದರೆ ಲೀಗಿಗೆ ಹೊಸದಾಗಿ ಬರುವ ಆಟಗಾರರಲ್ಲಿ ಒಬ್ಬರನ್ನು ಆರಿಸುವ ಸರದಿ, ಸಿಕ್ಕಿತು. ಆ ಋತುವಿನ ಟ್ರೇಡ್ (ತಂಡಗಳ ನಡುವಿನ ಆಟಗಾರರ ವಿನಿಮಯ) ಗಡುವು ಫೆಬ್ರುವರಿ 10ರ ಮಧ್ಯಾಹ್ನ 3 ಗಂಟೆ, ಅಮೆರಿಕದ ಪೂರ್ವ ಕರಾವಳಿಯ ಲೆಕ್ಕದಲ್ಲಿ. ನಮ್ಮ ಗಡಿಯಾರದಲ್ಲಿ ಅದು ನಡುರಾತ್ರಿ ದಾಟಿ ಒಂದೂವರೆ ಗಂಟೆ. ಆ ಹೊತ್ತಿನವರೆಗೆ ಯಾರು ಹೋಗುತ್ತಾರೆ, ಯಾರು ಉಳಿಯುತ್ತಾರೆ ಎಂಬ ಊಹೆಯಲ್ಲೇ ಎನ್‌ಬಿಎ ಅಭಿಮಾನಿಗಳ ಆ ವಾರ ಕಳೆಯುತ್ತದೆ. ಸ್ಯಾಕ್ರಮೆಂಟೊದ ಜನ ಹೀಲ್ಡ್ ಹೋಗಬಹುದು ಎಂದುಕೊಂಡಿದ್ದರು. ತಂಡದ ಇನ್ನೊಬ್ಬ ಗಾರ್ಡ್ ಡಿ'ಆರನ್ ಫಾಕ್ಸ್ ಅವರ ಹೆಸರೂ ಸುದ್ದಿಯಲ್ಲಿ ಓಡಾಡುತ್ತಿತ್ತು. ಹ್ಯಾಲಿಬರ್ಟನ್ ಹೋಗುತ್ತಾರೆಂದು ಎದೆ ಗಟ್ಟಿಮಾಡಿಕೊಂಡಿದ್ದವರು ಕಡಿಮೆ.

ಗಡುವಿನ ಟ್ರೇಡ್‌ಗಳನ್ನು ಕುರಿತ ಅಭಿಮಾನಿಗಳ ವಾದ ಎರಡು ವಾರದಲ್ಲಿ ತಣ್ಣಗಾಗುವುದೇ ಹೆಚ್ಚು. ಇದು ಹಾಗಾಗಲಿಲ್ಲ. ಒಮ್ಮೆ ಒಂದು ಪಕ್ಷ ಸರಿ ಎನಿಸಿತು, ಮರುವರ್ಷ ಇನ್ನೊಂದು. ನಾನು ಇದನ್ನು ಆರಿಸಿಕೊಂಡದ್ದಕ್ಕೆ ಮುಖ್ಯ ಕಾರಣ ಬೇರೆಯೇ ಇದೆ. ಆ ದಿನಗಳಲ್ಲಿ ಕೆಲವರು ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿದರು: 'ಈ ಹುಡುಗನಿಗೆ ಇಲ್ಲೇ ಇರಬೇಕೆಂಬ ಮನಸ್ಸಿದೆ.' ಅದಕ್ಕೆ ಬಂದ ಉತ್ತರ, ಇದು ಭಾವುಕತೆ, ಲೆಕ್ಕವಲ್ಲ ಎಂದು. ಆ ವಾರ ಮುಂದಿಟ್ಟ ಎಲ್ಲ ವಾದಗಳಲ್ಲಿ ಅತ್ಯಂತ ಗಟ್ಟಿಯಾದ ಲೆಕ್ಕ ಅದೇ ಆಗಿತ್ತು ಎಂದು ನಾನು ನಂಬುತ್ತೇನೆ.

ಬರದ ಊರು

ಸ್ಯಾಕ್ರಮೆಂಟೊ ಕ್ಯಾಲಿಫೋರ್ನಿಯಾದ ರಾಜಧಾನಿ. ಆದರೆ ಲಾಸ್ ಏಂಜಲೀಸ್ ಮತ್ತು ಸ್ಯಾನ್ ಫ್ರಾನ್ಸಿಸ್ಕೊಗಳ ಎದುರು ಕ್ರೀಡೆಯ ಭೂಪಟದಲ್ಲಿ ಸಣ್ಣ ಊರು. 1985ರಲ್ಲಿ ಕಿಂಗ್ಸ್ ತಂಡ ಕ್ಯಾನ್ಸಸ್ ಸಿಟಿಯಿಂದ ಇಲ್ಲಿಗೆ ಬಂದಾಗಿನಿಂದ ಊರಿನ ಅಭಿಮಾನವೆಲ್ಲ ಈ ಒಂದು ತಂಡದ ಮೇಲೆ. 2013ರಲ್ಲಿ ತಂಡವನ್ನು ಸಿಯಾಟಲ್‌ಗೆ ಒಯ್ಯುವ ಪ್ರಯತ್ನ ನಡೆಯಿತು. ಅಭಿಮಾನಿಗಳು ಬೀದಿಗಿಳಿದರು. ಎನ್‌ಬಿಎಯಲ್ಲಿ ಆಡಿದ್ದ ಮೇಯರ್ ಕೆವಿನ್ ಜಾನ್ಸನ್ ಹೊಸ ಮಾಲೀಕರನ್ನು ಹುಡುಕಲು ಓಡಾಡಿದರು. ಕೊನೆಗೆ ಲೀಗಿನ ಮಾಲೀಕರು 22–8 ಮತಗಳಿಂದ ಸ್ಥಳಾಂತರವನ್ನು ತಿರಸ್ಕರಿಸಿದರು. ಮುಂಬೈಯಲ್ಲಿ ಹುಟ್ಟಿದ ವಿವೇಕ್ ರಣದಿವೆ ಅವರ ನೇತೃತ್ವದ ಗುಂಪು ತಂಡವನ್ನು ಕೊಂಡುಕೊಂಡಿತು. ಹೀಗಾಗಿ ತಂಡ ಊರು ಬಿಟ್ಟುಹೋಗುತ್ತದೆ ಎಂಬ ಭಯವನ್ನು ನಿಜವಾಗಿ ಉಂಡ ಜನ ಇವರು. ಉಳಿಯುವುದು ಮತ್ತು ಹೋಗುವುದು ಇಲ್ಲಿ ಆಟದ ವಿಷಯವಷ್ಟೇ ಅಲ್ಲ.

ಆಟದಲ್ಲಿ ಮಾತ್ರ ಬರ. 2006ರ ನಂತರ ತಂಡ ಪ್ಲೇಆಫ್ (ಋತುವಿನ ಕೊನೆಯ ನಾಕೌಟ್ ಹಂತ) ಕಂಡಿರಲಿಲ್ಲ. 2018ರ ಡ್ರಾಫ್ಟ್‌ನಲ್ಲಿ ಎರಡನೇ ಆಯ್ಕೆಯ ಅವಕಾಶ ಸಿಕ್ಕಾಗ ಮಾರ್ವಿನ್ ಬ್ಯಾಗ್ಲಿ ಅವರನ್ನು ಆರಿಸಿತು. ಮುಂದಿನ ಆಯ್ಕೆಯಲ್ಲಿ ಹೋದವರು ಲೂಕಾ ಡಾನ್ಚಿಚ್. ಅದಕ್ಕೂ ಮೊದಲು 2017ರ ಗಡುವಿನ ವಾರದಲ್ಲಿ ತಂಡದ ದೊಡ್ಡ ತಾರೆ ಡಿಮಾರ್ಕಸ್ ಕಸಿನ್ಸ್ ಅವರನ್ನು ನ್ಯೂ ಆರ್ಲಿಯನ್ಸ್‌ಗೆ ಕೊಟ್ಟಿತ್ತು. ಆಗ ಬದಲಿಗೆ ಬಂದವರೇ ಬಡ್ಡಿ ಹೀಲ್ಡ್. 2021–22 ಮುಗಿದಾಗ ಸತತ 16 ಋತು ಪ್ಲೇಆಫ್ ಇಲ್ಲದೆ ಕಳೆದಿದ್ದವು. ಎನ್‌ಬಿಎ ಇತಿಹಾಸದಲ್ಲಿ ಅಷ್ಟು ಉದ್ದದ ಬರ ಬೇರೆ ಯಾವ ತಂಡಕ್ಕೂ ಬಂದಿರಲಿಲ್ಲ.

ಈ ಹಿನ್ನೆಲೆಯಿಲ್ಲದೆ ಅಭಿಮಾನಿಗಳ ಸಿಟ್ಟು ಅರ್ಥವಾಗುವುದಿಲ್ಲ. 2020ರ ಡ್ರಾಫ್ಟ್‌ನಲ್ಲಿ 12ನೇ ಆಯ್ಕೆಯವರೆಗೆ ಜಾರಿ ಬಂದ ಹ್ಯಾಲಿಬರ್ಟನ್ ಆಗಷ್ಟೇ ಅಧಿಕಾರ ವಹಿಸಿಕೊಂಡಿದ್ದ ಜನರಲ್ ಮ್ಯಾನೇಜರ್ ಮಾಂಟಿ ಮೆಕ್‌ನೇರ್ ಅವರ ಮೊದಲ ಆಯ್ಕೆ. ವಿಸ್ಕಾನ್ಸಿನ್‌ನ ಆಷ್‌ಕಾಷ್ ಎಂಬ ಸಣ್ಣ ಊರಿನ ಹುಡುಗ. ಎಸೆಯುವ ರೀತಿ ಪಠ್ಯಪುಸ್ತಕಕ್ಕೆ ಒಗ್ಗುವಂಥದ್ದಲ್ಲ: ಚೆಂಡನ್ನು ಎದೆಯ ಮುಂದಿನಿಂದಲೇ ತಳ್ಳಿದಂತೆ ಕಾಣುತ್ತದೆ. ಆದರೂ 2021–22ರಲ್ಲಿ ಮೂರು ಅಂಕದ ಎಸೆತಗಳಲ್ಲಿ ಶೇ 41ರಷ್ಟು ಒಳಗೆ ಬೀಳುತ್ತಿದ್ದವು. ಪಂದ್ಯಕ್ಕೆ ಸರಾಸರಿ 14.3 ಅಂಕ, 7.4 ಅಸಿಸ್ಟ್ (ಜೊತೆಗಾರನ ಅಂಕಕ್ಕೆ ದಾರಿಯಾದ ಪಾಸ್). ಎಲ್ಲಕ್ಕಿಂತ ಮಿಗಿಲಾಗಿ, ಸೋಲುವ ತಂಡದಲ್ಲಿ ನಗುತ್ತಾ ಆಡುತ್ತಿದ್ದರು. ಈ ತಂಡವನ್ನು ಮೇಲೆತ್ತುವವರಲ್ಲಿ ತಾನೂ ಒಬ್ಬನಾಗಬೇಕೆಂಬ ಆಸೆಯನ್ನು ಮುಚ್ಚಿಟ್ಟಿರಲಿಲ್ಲ.

ವೇತನದ ಕಟ್ಟುಪಾಡು

ಇಲ್ಲಿ ನಿಯಮದ ಒಂದು ಮಾತು ಹೇಳಲೇಬೇಕು. ನಮ್ಮ ಐಪಿಎಲ್‌ನಲ್ಲಿ 2023ರ ನವೆಂಬರ್‌ನಲ್ಲಿ ಕ್ಯಾಮರಾನ್ ಗ್ರೀನ್ ಮುಂಬೈಯಿಂದ ಬೆಂಗಳೂರಿಗೆ ಬಂದದ್ದು ಪೂರ್ತಿ ಹಣದ ವ್ಯವಹಾರ. ಎನ್‌ಬಿಎಯಲ್ಲಿ ಹಾಗೆ ಹಣ ಕೊಟ್ಟು ತಾರೆಯನ್ನು ಕೊಳ್ಳಲಾಗದು. ವೇತನ ಮಿತಿಯನ್ನು ದಾಟಿದ ತಂಡವೊಂದು ಆಟಗಾರನನ್ನು ಪಡೆಯಬೇಕಾದರೆ ಹೆಚ್ಚುಕಡಿಮೆ ಅಷ್ಟೇ ವೇತನದ ಆಟಗಾರರನ್ನು ಕೊಡಬೇಕು. ಆಗಿನ ನಿಯಮದಂತೆ, ಕೊಟ್ಟ ವೇತನದ ಶೇ 125ಕ್ಕಿಂತ ಸ್ವಲ್ಪ ಹೆಚ್ಚಿನಷ್ಟು ಮಾತ್ರ ತೆಗೆದುಕೊಳ್ಳಬಹುದಿತ್ತು. ಹ್ಯಾಲಿಬರ್ಟನ್ ಹೊಸಬರ ಒಪ್ಪಂದದಲ್ಲಿದ್ದುದರಿಂದ ಅವರ ವಾರ್ಷಿಕ ವೇತನ ಸುಮಾರು 40 ಲಕ್ಷ ಡಾಲರ್ ಅಷ್ಟೇ. ಸಬೋನಿಸ್ ಅವರದು ಅದರ ನಾಲ್ಕು ಪಟ್ಟಿಗೂ ಹೆಚ್ಚು. ಹೀಗಾಗಿ ತಕ್ಕಡಿ ಸರಿದೂಗಿಸಲು 2 ಕೋಟಿ ಡಾಲರಿಗೂ ಮೀರಿದ ವೇತನದ ಹೀಲ್ಡ್ ಬೇಕಾದರು.

ವಾದದ ಬಹುಪಾಲು ಈ ಅಂಕೆಗಳ ಸುತ್ತಲೇ ಸುತ್ತಿತು. ಹೊಸಬರ ಒಪ್ಪಂದ ನಾಲ್ಕು ವರ್ಷದ್ದು. ಅದು ಮುಗಿದ ಮೇಲೂ ಬೇರೆ ತಂಡ ಕೊಡುವ ಮೊತ್ತವನ್ನು ತಾನೇ ಕೊಟ್ಟು ಉಳಿಸಿಕೊಳ್ಳುವ ಹಕ್ಕು ಮೂಲ ತಂಡಕ್ಕಿರುತ್ತದೆ. ಅಂದರೆ ಕಡಿಮೆ ವೇತನದ, ಬೆಳೆಯುತ್ತಿರುವ, ಇನ್ನೂ ಹಲವು ವರ್ಷ ಕೈತಪ್ಪದ ಆಟಗಾರ. ಸಣ್ಣ ಊರಿನ ತಂಡಕ್ಕೆ ಇದಕ್ಕಿಂತ ದೊಡ್ಡ ಆಸ್ತಿ ಇಲ್ಲ. ಅದನ್ನೇ ಕೊಟ್ಟರೇ ಎಂದು ಜನ ಬೆಚ್ಚಿದರು.

ಎರಡು ಪಕ್ಷ, ಮತ್ತೊಂದು ಅನುಮಾನ

ಟ್ರೇಡ್ ಪರವಾಗಿದ್ದವರ ವಾದ ಹಗುರವಾಗಿರಲಿಲ್ಲ, ಅದನ್ನು ನ್ಯಾಯವಾಗಿ ಮುಂದಿಡಬೇಕು. ಸಬೋನಿಸ್ ಆಗ 25 ವರ್ಷದವರು, ಅಷ್ಟರಲ್ಲೇ ಎರಡು ಬಾರಿ ಆಲ್-ಸ್ಟಾರ್, ಅಂದರೆ ಲೀಗಿನ ತಾರೆಯರ ಪಂದ್ಯಕ್ಕೆ ಆಯ್ಕೆಯಾದವರು. ಆ ಋತುವಿನಲ್ಲಿ ಇಂಡಿಯಾನಾ ಪರ ಪಂದ್ಯಕ್ಕೆ 18.9 ಅಂಕ, 12.1 ರೀಬೌಂಡ್ (ಗುರಿ ತಪ್ಪಿದ ಎಸೆತದ ಚೆಂಡನ್ನು ಹಿಡಿಯುವುದು), 5 ಅಸಿಸ್ಟ್. ಒಪ್ಪಂದ 2023–24ರವರೆಗೆ ಇತ್ತು, ಅವರ ಮಟ್ಟಕ್ಕೆ ಮೊತ್ತ ಕಡಿಮೆಯೇ. ಅಂಥ ದೊಡ್ಡಾಳು ಒಪ್ಪಂದ ಮುಗಿದು ಮುಕ್ತ ಆಟಗಾರನಾಗಿ ತಾನಾಗಿ ಸ್ಯಾಕ್ರಮೆಂಟೊ ಆರಿಸಿಕೊಂಡು ಬರುವುದಿಲ್ಲ. ಟ್ರೇಡ್ ಒಂದೇ ದಾರಿ. ಇನ್ನೊಂದು ಕಡೆ, ತಂಡದಲ್ಲಿ ಚೆಂಡು ಕೈಯಲ್ಲಿ ಬೇಕಾದ ಗಾರ್ಡ್‌ಗಳು ಮೂವರು: ಫಾಕ್ಸ್, ಹ್ಯಾಲಿಬರ್ಟನ್, 2021ರಲ್ಲಿ ಆರಿಸಿದ್ದ ಡೇವಿಯನ್ ಮಿಚೆಲ್. ಫಾಕ್ಸ್ 16.3 ಕೋಟಿ ಡಾಲರಿನ ಐದು ವರ್ಷದ ಒಪ್ಪಂದದ ಮೊದಲ ವರ್ಷದಲ್ಲಿದ್ದರು. ಫಾಕ್ಸ್, ಹ್ಯಾಲಿಬರ್ಟನ್ ಇಬ್ಬರಲ್ಲಿ ಒಬ್ಬರು ಹೋಗಲೇಬೇಕು ಎಂಬ ಭಾವನೆ ಬಲವಾಗಿತ್ತು.

ವಿರೋಧಿಗಳು ಕೇಳಿದ್ದು ಸರಳ ಪ್ರಶ್ನೆ: ಒಬ್ಬರು ಹೋಗಲೇಬೇಕಾದರೆ ಫಾಕ್ಸ್ ಯಾಕಲ್ಲ? ಕಿರಿಯವರು, ಅಗ್ಗದವರು, ಉತ್ತಮವಾಗಿ ಎಸೆಯುವವರು, ಜೊತೆಗಾರರನ್ನು ಆಡಿಸುವವರು ಹ್ಯಾಲಿಬರ್ಟನ್. ಇದಕ್ಕೆ ಪರಪಕ್ಷದವರ ಉತ್ತರವೂ ಸರಳ: ಫಾಕ್ಸ್ ಅವರ ದೊಡ್ಡ ಒಪ್ಪಂದಕ್ಕೆ ಆ ಹೊತ್ತಿನಲ್ಲಿ ಸಬೋನಿಸ್‌ನಂಥ ಆಟಗಾರನನ್ನು ಕೊಡುವವರಿರಲಿಲ್ಲ, ಬೆಲೆಬಾಳುವುದನ್ನು ಪಡೆಯಲು ಬೆಲೆಬಾಳುವುದನ್ನೇ ಕೊಡಬೇಕು. ಈ ಉತ್ತರದಲ್ಲಿ ಸತ್ಯವಿದೆ. ಆದರೆ ಇದು ಕಾಯದವರ ಉತ್ತರ. ಫೆಬ್ರುವರಿಯಲ್ಲಿ ಸಿಗದ ಬೆಲೆ ಬೇಸಿಗೆಯಲ್ಲಿ ಸಿಗಬಹುದು. ಗಡುವು ಎಂಬುದು ಆ ಋತುವಿನ ಬಾಗಿಲಷ್ಟೇ, ಡ್ರಾಫ್ಟ್ ಹೊತ್ತಿಗೆ ಅದು ಮತ್ತೆ ತೆರೆಯುತ್ತದೆ. ಬೇಗನೆ ಬರ ನೀಗಬೇಕು ಎಂಬ ಅವಸರ ಇಲ್ಲದಿದ್ದರೆ ಕಾಯಬಹುದಿತ್ತು.

ಮೂರನೆಯ ದನಿಯೊಂದಿತ್ತು, ಅದು ಆಟಗಾರರ ಬಗ್ಗೆ ಅಲ್ಲವೇ ಅಲ್ಲ. 'ಇದೇ ಟ್ರೇಡ್ ಅನ್ನು ಬೇರೆ ತಂಡ ಮಾಡಿದ್ದರೆ ನಂಬುತ್ತಿದ್ದೆವು' ಎಂಬ ದನಿ. 16 ವರ್ಷದ ತಪ್ಪುಗಳನ್ನು ಕಂಡವರು ಹೊಸ ನಿರ್ಧಾರವನ್ನು ಅದರ ಗುಣದ ಮೇಲೆ ಮಾತ್ರ ತೂಗಲಾರರು. ದೂರದಿಂದ ನೋಡುವ ವಿಶ್ಲೇಷಕರು ಈ ಅನುಮಾನವನ್ನು ಅವಿವೇಕ ಎನ್ನುತ್ತಾರೆ. ನನಗೆ ಹಾಗೆನಿಸುವುದಿಲ್ಲ. ಯಾರು ನಿರ್ಧರಿಸುತ್ತಿದ್ದಾರೆ ಎಂಬುದು ನಿರ್ಧಾರದ ಭಾಗವೇ. ಮುಂದೆ ನಡೆದದ್ದನ್ನು ನೋಡಿದರೆ ಆ ಅನುಮಾನಕ್ಕೆ ಆಧಾರವಿತ್ತು.

ಇಂಡಿಯಾನಾಪೊಲಿಸ್‌ನಲ್ಲಿ ಗದ್ದಲ ಕಡಿಮೆ. ಸಬೋನಿಸ್ ಅಲ್ಲಿ ಜನಪ್ರಿಯರೇ ಆಗಿದ್ದರು. ಆದರೆ ಅವರನ್ನೂ ಮೈಲ್ಸ್ ಟರ್ನರ್ ಅವರನ್ನೂ ಒಟ್ಟಿಗೆ ಆಡಿಸಬೇಕೇ, ಇಬ್ಬರು ಎತ್ತರದವರು ಒಂದೇ ಜಾಗಕ್ಕೆ ನುಗ್ಗುತ್ತಾರಲ್ಲ ಎಂಬ ಚರ್ಚೆ ವರ್ಷಗಳಿಂದ ನಡೆದು ಜನ ದಣಿದಿದ್ದರು. ಬೇಕೆಂದೇ ಸೋತು ಡ್ರಾಫ್ಟ್‌ಗಾಗಿ ಕಾಯುವ ದಾರಿಯನ್ನು ಆ ತಂಡ ಅಲ್ಲಿಯವರೆಗೆ ಒಪ್ಪಿರಲಿಲ್ಲ. ಅಂಥವರಿಗೆ 21 ವರ್ಷದ ಪಾಯಿಂಟ್ ಗಾರ್ಡ್ ಸಿಕ್ಕಿದ್ದು ದೊಡ್ಡ ವಿಷಯ.

ಭಾರತದ ಅಭಿಮಾನಿಗಳಿಗೆ ಇಲ್ಲೊಂದು ನೆನಪು ಬರದಿರದು. ಎನ್‌ಬಿಎ ಭಾರತದಲ್ಲಿ ಆಡಿಸಿದ ಮೊದಲ ಪಂದ್ಯಗಳು 2019ರ ಅಕ್ಟೋಬರ್ 4 ಮತ್ತು 5ರಂದು ಮುಂಬೈಯ ವರ್ಲಿಯ ಎನ್‌ಎಸ್‌ಸಿಐ ಡೋಮ್‌ನಲ್ಲಿ ನಡೆದವು. ಆಡಿದವರು ಇದೇ ಎರಡು ತಂಡ. ಮೊದಲ ದಿನ ಶಾಲಾ ಮಕ್ಕಳೇ ತುಂಬಿದ್ದ ಸಭಾಂಗಣದಲ್ಲಿ ಪೇಸರ್ಸ್ ಹೆಚ್ಚುವರಿ ಅವಧಿಯಲ್ಲಿ 132–131ರಿಂದ ಗೆದ್ದಿತು. ಒಂದು ಕಡೆ ಸಬೋನಿಸ್, ಇನ್ನೊಂದು ಕಡೆ ಹೀಲ್ಡ್ ಇದ್ದರು.

ಬೆಳಕು ಹತ್ತಿದ ವರ್ಷ

ಸಬೋನಿಸ್ ಕಿಂಗ್ಸ್ ಪರ ಆಡಿದ ಮೊದಲ ಪಂದ್ಯದಲ್ಲೇ 22 ಅಂಕ, 14 ರೀಬೌಂಡ್ ಗಳಿಸಿದರು, ತಂಡ ಮಿನ್ನೆಸೋಟವನ್ನು ಸೋಲಿಸಿತು. ಋತು ಮಾತ್ರ 30 ಗೆಲುವು, 52 ಸೋಲಿನಲ್ಲಿ ಮುಗಿಯಿತು. ನಿಜವಾದ ಉತ್ತರ ಬಂದದ್ದು ಮುಂದಿನ ವರ್ಷ. ಕೋಚ್ ಆಗಿ ಮೈಕ್ ಬ್ರೌನ್, ಡ್ರಾಫ್ಟ್‌ನಿಂದ ಕೀಗನ್ ಮರ್ರಿ, ಅಟ್ಲಾಂಟಾದಿಂದ ಕೆವಿನ್ ಹ್ಯೂರ್ಟರ್, ಜೊತೆಗೆ ಮಲಿಕ್ ಮಾಂಕ್ ಬಂದರು.

ಆ ತಂಡದ ಆಟವನ್ನು ಹತ್ತಿರದಿಂದ ನೋಡಿದರೆ ಟ್ರೇಡ್ ಪರ ವಾದ ಎಷ್ಟು ನಿಜವಾಯಿತು ಎಂಬುದು ಗೊತ್ತಾಗುತ್ತದೆ. ಫ್ರೀ ಥ್ರೋ ಗೆರೆಯ ಒಂದು ತುದಿಯಲ್ಲಿ ಸಬೋನಿಸ್ ಚೆಂಡು ಹಿಡಿದು ನಿಲ್ಲುತ್ತಾರೆ, ಅಗಲವಾದ ಬೆನ್ನು ಎದುರಾಳಿಯ ಕಡೆಗೆ. ಮೂಲೆಯಿಂದ ಹ್ಯೂರ್ಟರ್ ಓಡಿಬರುತ್ತಾರೆ. ಸಬೋನಿಸ್ ಚೆಂಡನ್ನು ಅವರ ಕೈಗೆ ಇಡುತ್ತಾರೆ, ಅದೇ ಕ್ಷಣ ತಮ್ಮ ಮೈಯನ್ನು ಬೆನ್ನಟ್ಟಿ ಬಂದವನ ದಾರಿಗೆ ಅಡ್ಡವಾಗಿಸುತ್ತಾರೆ. ಹ್ಯೂರ್ಟರ್‌ಗೆ ಎಸೆಯಲು ಬೇಕಾದ ಅರ್ಧ ಸೆಕೆಂಡ್ ಸಿಕ್ಕಿತು. ಎದುರಾಳಿ ಅದನ್ನು ಊಹಿಸಿ ಮುಂದೆ ಬಂದರೆ ಸಬೋನಿಸ್ ಚೆಂಡು ಕೊಟ್ಟಂತೆ ಮಾಡಿ ತಾವೇ ತಿರುಗಿ ಬುಟ್ಟಿಗೆ ನುಗ್ಗುತ್ತಾರೆ. ಇದನ್ನೇ ಫಾಕ್ಸ್ ಜೊತೆ, ಮಾಂಕ್ ಜೊತೆ, ಮರ್ರಿ ಜೊತೆ ಮತ್ತೆ ಮತ್ತೆ ಆಡಿದರು. ಅಂಕ ಗಳಿಕೆಯ ದಕ್ಷತೆಯಲ್ಲಿ ಆ ಋತುವಿನಲ್ಲಿ ಲೀಗಿಗೇ ಕಿಂಗ್ಸ್ ಮೊದಲು.

48 ಗೆಲುವು, 34 ಸೋಲು, ಪಶ್ಚಿಮ ವಿಭಾಗದಲ್ಲಿ ಮೂರನೇ ಸ್ಥಾನ. ಸಬೋನಿಸ್ ರೀಬೌಂಡ್‌ನಲ್ಲಿ ಲೀಗಿಗೆ ಮೊದಲಿಗರು. ಫಾಕ್ಸ್ ಮತ್ತು ಸಬೋನಿಸ್ ಇಬ್ಬರೂ ಆಲ್-ಎನ್‌ಬಿಎ (ಋತುವಿನ ಅತ್ಯುತ್ತಮ ಆಟಗಾರರ) ಮೂರನೇ ತಂಡಕ್ಕೆ ಆಯ್ಕೆಯಾದರು, ಬ್ರೌನ್ ಸರ್ವಾನುಮತದಿಂದ ವರ್ಷದ ಕೋಚ್ ಆದರು. ಪ್ರತಿ ಗೆಲುವಿನ ನಂತರ ತಂಡದ ಕ್ರೀಡಾಂಗಣ ಗೋಲ್ಡನ್ 1 ಸೆಂಟರ್ ಮೇಲಿನಿಂದ ನೇರಳೆ ಬಣ್ಣದ ಲೇಸರ್ ಕಿರಣಗಳು ಆಕಾಶಕ್ಕೆ ಹಾಯುತ್ತಿದ್ದವು. 2023ರ ಏಪ್ರಿಲ್ 15ರಂದು 17 ವರ್ಷಗಳ ನಂತರ ಆ ಊರಿನಲ್ಲಿ ಪ್ಲೇಆಫ್ ಪಂದ್ಯ ನಡೆದಾಗ ಫಾಕ್ಸ್ 38 ಅಂಕ ಗಳಿಸಿ ಗೋಲ್ಡನ್ ಸ್ಟೇಟ್ ವಾರಿಯರ್ಸ್ ತಂಡವನ್ನು 126–123ರಿಂದ ಸೋಲಿಸಿದರು. ಆ ರಾತ್ರಿ ಟ್ರೇಡ್ ವಿರೋಧಿಸಿದ್ದವರಿಗೆ ವಾದಿಸುವ ಮನಸ್ಸಿರಲಿಲ್ಲ, ಇರಬೇಕಾದ ಅಗತ್ಯವೂ ಇರಲಿಲ್ಲ. ಆ ಒಂದು ವಸಂತವನ್ನು ಕಂಡ ಮೇಲೆ 'ಮತ್ತೆ ಕೇಳಿದರೂ ಇದೇ ಟ್ರೇಡ್ ಮಾಡುತ್ತೇವೆ' ಎನ್ನುವ ಅಭಿಮಾನಿಗಳನ್ನು ನಾನು ಗೌರವಿಸುತ್ತೇನೆ. 17 ವರ್ಷ ಕಾದವರ ಸಂತೋಷವನ್ನು ಹೊರಗಿನವರು ಅಳೆಯಬಾರದು.

ಆದರೆ ಅದೇ ಸರಣಿಯಲ್ಲಿ ಬಿರುಕೂ ಕಂಡಿತು. ವಾರಿಯರ್ಸ್ ಸಬೋನಿಸ್ ಅವರನ್ನು ದೂರದಲ್ಲಿ ಸುಮ್ಮನೆ ಬಿಟ್ಟರು. ಎಸೆಯುವುದಾದರೆ ಎಸೆಯಿರಿ ಎಂಬಂತೆ ಹಿಂದೆ ಸರಿದು, ಚೆಂಡು ಕೈಗಿಡುವ ಜಾಗವನ್ನು ಮುಚ್ಚಿದರು. ಋತುವಿಡೀ ಹರಿದ ಆಟ ಅಲ್ಲಲ್ಲಿ ನಿಂತಿತು. ಏಳನೇ ಪಂದ್ಯದಲ್ಲಿ ಸ್ಟೀಫನ್ ಕರಿ 50 ಅಂಕ ಗಳಿಸಿದರು, ಕಿಂಗ್ಸ್ ಮನೆಯಂಗಳದಲ್ಲೇ ಸೋತಿತು.

ಆ ಬೇಸಿಗೆಯಲ್ಲಿ ಸಬೋನಿಸ್ ಹೊಸ ಐದು ವರ್ಷದ ಒಪ್ಪಂದಕ್ಕೆ ಸಹಿ ಹಾಕಿದರು. ನನ್ನ ವಾದಕ್ಕೆ ಇದು ತೊಡಕು, ಮುಚ್ಚಿಡುವಂತಿಲ್ಲ: ಬಂದವರೂ ಈ ಊರನ್ನು ಒಪ್ಪಿಕೊಂಡರು. ಹಾಗಾಗಿ ಉಳಿಯುವ ಮನಸ್ಸಿನ ಲೆಕ್ಕದಲ್ಲಿ ಸ್ಯಾಕ್ರಮೆಂಟೊ ಎಡವಿದ್ದು ಸಬೋನಿಸ್ ವಿಷಯದಲ್ಲಲ್ಲ.

ಎಡವಿದ್ದು ಎಲ್ಲಿ

2023–24ರಲ್ಲಿ 46 ಪಂದ್ಯ ಗೆದ್ದರೂ ತಂಡ ಪ್ಲೇಆಫ್ ಪ್ರವೇಶಕ್ಕಾಗಿ ಆಡುವ ಪ್ಲೇ-ಇನ್‌ನಲ್ಲಿ ಹೊರಬಿತ್ತು. 2024ರ ಡಿಸೆಂಬರ್‌ನಲ್ಲಿ ಬ್ರೌನ್ ಅವರನ್ನು ವಜಾ ಮಾಡಿತು. ಫಾಕ್ಸ್ ಒಪ್ಪಂದವನ್ನು ಮುಂದುವರಿಸಲು ಒಪ್ಪಲಿಲ್ಲ. 2025ರ ಫೆಬ್ರುವರಿ ಆರಂಭದಲ್ಲಿ, ಮತ್ತೊಂದು ಗಡುವಿಗೆ ಕೆಲವೇ ದಿನ ಇರುವಾಗ, ಅವರನ್ನು ಸ್ಯಾನ್ ಆಂಟೋನಿಯೊಗೆ ಕಳುಹಿಸಬೇಕಾಯಿತು. ಝ್ಯಾಕ್ ಲವೀನ್ ಮತ್ತು ಡ್ರಾಫ್ಟ್ ಹಕ್ಕುಗಳು ಬಂದವು. ಏಪ್ರಿಲ್‌ನಲ್ಲಿ ಮೆಕ್‌ನೇರ್ ಕೂಡ ಹೊರನಡೆದರು.

ಮೂರು ವರ್ಷದ ಹಿಂದೆ ಇಬ್ಬರು ಗಾರ್ಡ್‌ಗಳಲ್ಲಿ ಒಬ್ಬರನ್ನು ಆರಿಸಬೇಕಾಗಿ ಬಂದಾಗ ಈ ತಂಡ ಉಳಿಸಿಕೊಂಡವರು ಹೋದರು. ಕಳುಹಿಸಿದವರು ಉಳಿಯುತ್ತೇನೆ ಎಂದಿದ್ದವರು. ಟ್ರೇಡ್ ಲೆಕ್ಕಾಚಾರದಲ್ಲಿ ಅಂಕ, ವಯಸ್ಸು, ವೇತನ, ಒಪ್ಪಂದದ ವರ್ಷ ಎಲ್ಲಕ್ಕೂ ಅಂಕಣವಿತ್ತು, ಮನಸ್ಸಿಗೆ ಇರಲಿಲ್ಲ. ಲಾಸ್ ಏಂಜಲೀಸ್‌ನ ತಂಡಕ್ಕೆ ಆ ಅಂಕಣ ಬೇಕಾಗಿಲ್ಲ, ಅಲ್ಲಿಗೆ ತಾರೆಯರು ತಾವಾಗಿ ಬರುತ್ತಾರೆ. ಸ್ಯಾಕ್ರಮೆಂಟೊಗೆ ಅದೇ ಮೊದಲ ಅಂಕಣವಾಗಬೇಕಿತ್ತು. 'ಹುಡುಗನಿಗೆ ಇಲ್ಲೇ ಇರಬೇಕೆಂಬ ಮನಸ್ಸಿದೆ' ಎಂದು ಕೂಗಿದ ಅಭಿಮಾನಿ ಹೇಳುತ್ತಿದ್ದುದು ಇದನ್ನೇ: ಈ ಊರಿಗೆ ಕೊಳ್ಳಲಾಗದ ಒಂದೇ ವಸ್ತು ಇದು, ಬಿಟ್ಟಿಯಾಗಿ ಸಿಕ್ಕಿದೆ, ಕೊಡಬೇಡಿ.

ಇಂಡಿಯಾನಾದಲ್ಲಿ ಹ್ಯಾಲಿಬರ್ಟನ್ ಮೊದಲ ಎರಡು ಋತುಗಳಲ್ಲಿ ಪ್ಲೇಆಫ್ ತಲುಪಲಿಲ್ಲ. ಆಗೆಲ್ಲ ಸ್ಯಾಕ್ರಮೆಂಟೊ ಗೆದ್ದಿದೆ ಎಂಬ ತೀರ್ಪು ಸಲೀಸಾಗಿ ಕೇಳಿಬರುತ್ತಿತ್ತು. 2023ರ ಜುಲೈನಲ್ಲಿ ಅವರು 26 ಕೋಟಿ ಡಾಲರ್‌ವರೆಗೆ ಏರಬಹುದಾದ ಒಪ್ಪಂದಕ್ಕೆ ಒಪ್ಪಿ ಆ ಸಣ್ಣ ಊರಿನಲ್ಲೇ ನೆಲೆಯಾದರು. ಮುಂದಿನ ಋತುವಿನಲ್ಲಿ ಪಂದ್ಯಕ್ಕೆ 10.9 ಅಸಿಸ್ಟ್‌ನೊಂದಿಗೆ ಲೀಗಿಗೆ ಮೊದಲಿಗರಾದರು. ಅವರು ಉಳಿದದ್ದರಿಂದಲೇ 2024ರ ಜನವರಿಯಲ್ಲಿ ಪ್ಯಾಸ್ಕಲ್ ಸಿಯಾಕಂ ಅವರನ್ನು ತರುವ ಧೈರ್ಯ ಪೇಸರ್ಸ್‌ಗೆ ಬಂದಿತು ಎಂಬುದು ನನ್ನ ಅಂದಾಜು. ತಂಡ ಪೂರ್ವ ವಿಭಾಗದ ಫೈನಲ್ ತಲುಪಿತು.

ಮರುವರ್ಷದ ಪ್ಲೇಆಫ್: 2025ರ ಮೇ 21, ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ಮೂರು ನಿಮಿಷಕ್ಕೂ ಕಡಿಮೆ ಸಮಯ ಉಳಿದಾಗ ಪೇಸರ್ಸ್ 14 ಅಂಕ ಹಿಂದಿತ್ತು. ಅಂತರ ಕರಗಿ ಎರಡಕ್ಕೆ ಇಳಿದಾಗ ಹ್ಯಾಲಿಬರ್ಟನ್ ಎಸೆದ ಕೊನೆಯ ಚೆಂಡು ರಿಂಗಿನ ಹಿಂಬದಿಗೆ ಬಡಿದು ಮೇಲಕ್ಕೆ ಚಿಮ್ಮಿ ನೇರ ಒಳಗೆ ಬಿತ್ತು. ಗೆದ್ದೆವೆಂದು ಅವರು ಕುಣಿದರು. ಮರುಪರಿಶೀಲನೆಯಲ್ಲಿ ಕಾಲು ಗೆರೆಯ ಮೇಲಿತ್ತು ಎಂದು ತಿಳಿಯಿತು, ಮೂರರ ಬದಲು ಎರಡೇ ಅಂಕ. ಹೆಚ್ಚುವರಿ ಅವಧಿಯಲ್ಲಿ 138–135ರಿಂದ ಗೆದ್ದರು. ಆ ಪ್ಲೇಆಫ್‌ನಲ್ಲಿ ಮಿಲ್ವಾಕಿ, ಕ್ಲೀವ್‌ಲ್ಯಾಂಡ್, ಕೊನೆಗೆ ಓಕ್ಲಹೋಮಾ ಸಿಟಿ ಎದುರೂ ಅವರು ಕೊನೆಯ ಕ್ಷಣದಲ್ಲಿ ಪಂದ್ಯ ತಿರುಗಿಸಿದರು. ಫೈನಲ್‌ನ ಮೊದಲ ಪಂದ್ಯ ಗೆದ್ದಾಗ ಗಡಿಯಾರದಲ್ಲಿ ಉಳಿದಿದ್ದುದು 0.3 ಸೆಕೆಂಡ್. 2000ದ ನಂತರ ಪೇಸರ್ಸ್ ಫೈನಲ್ ಆಡಿದ್ದು ಅದೇ ಮೊದಲು. ಏಳನೇ ಪಂದ್ಯದ ಮೊದಲ ಅವಧಿಯಲ್ಲೇ ಅವರ ಹಿಮ್ಮಡಿಯ ಸ್ನಾಯುರಜ್ಜು ಹರಿಯಿತು. ಓಕ್ಲಹೋಮಾ ಸಿಟಿ 103–91ರಿಂದ ಗೆದ್ದು ಪ್ರಶಸ್ತಿ ಪಡೆಯಿತು.

ಇಂಡಿಯಾನಾ ಗೆದ್ದಿತೇ ಎಂದು ಕೇಳಿದರೆ ನನ್ನ ಉತ್ತರ ಹೌದು, ಅದರಲ್ಲಿ ಅನುಮಾನವಿಲ್ಲ. ಸ್ಯಾಕ್ರಮೆಂಟೊ ಸೋತಿತೇ ಎಂಬುದು ಬೇರೆ ಪ್ರಶ್ನೆ. ಸಬೋನಿಸ್ ಅವರನ್ನು ತಂದದ್ದು ತಪ್ಪಲ್ಲ. ಹ್ಯಾಲಿಬರ್ಟನ್ ಹೋದ ನಂತರ ಉಳಿದ ಒಬ್ಬ ಗಾರ್ಡ್ ಮೇಲೆ ಇಡೀ ಭವಿಷ್ಯವನ್ನು ಕಟ್ಟಿ, ಆತ ಉಳಿಯುವಂತೆ ತಂಡವನ್ನು ನಡೆಸದೆ, ಕೋಚನ್ನು ಬದಲಿಸುತ್ತಾ ಹೋದದ್ದು ತಪ್ಪು. ಇಂಡಿಯಾನಾ ಕೂಡ ಇಬ್ಬರು ಎತ್ತರದವರಲ್ಲಿ ಒಬ್ಬರನ್ನು ಆರಿಸಿತ್ತು, ಟರ್ನರ್ ಅವರನ್ನು. ಅವರು 2025ರ ಬೇಸಿಗೆಯಲ್ಲಿ ಮಿಲ್ವಾಕಿಗೆ ಹೋದರು. ಅಷ್ಟರಲ್ಲಿ ಅವರಿದ್ದ ತಂಡ ಫೈನಲ್‌ನ ಏಳನೇ ಪಂದ್ಯ ಆಡಿ ಮುಗಿಸಿತ್ತು.